ಕೌನ್ಸೆಲಿಂಗ್ ಸೇವೆಗಳ ವಿಮರ್ಶೆ: ಗಾರ್ಮೆಂಟ್ಸ್ ಕೆಲಸದವರಿಗೆ, ಮನೆಗೆಲಸದವರಿಗೆ, ಡ್ರೈವರ್‌ಗಳಿಗೆ ಇವು ಎಷ್ಟು ಒಗ್ಗುತ್ತವೆ?

ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಸೇವೆಗೆ ಈಗ ಬರವಿಲ್ಲ. ಜಯನಗರ, ಇಂದಿರಾನಗರ, ಕೋರಮಂಗಲದಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ಮೊಬೈಲ್‌ನಲ್ಲಿ ಆ್ಯಪ್‌ಗಳಿವೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಉಚಿತ ಸಹಾಯವಾಣಿ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ. ಆದರೆ ಇವುಗಳ ಬಗ್ಗೆ ಸ್ಟಾರ್ ಕೊಟ್ಟು ವಿಮರ್ಶೆ ಬರೆಯುವವರು ಹೆಚ್ಚಾಗಿ ಒಂದೇ ವರ್ಗದವರು: ಇಂಗ್ಲಿಷ್ ಬಲ್ಲವರು, ತಿಂಗಳ ಸಂಬಳ ಚೆನ್ನಾಗಿರುವವರು, ಮಧ್ಯಾಹ್ನ ಒಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು. ಅದೇ ಕುರ್ಚಿಯಲ್ಲಿ ಪೀಣ್ಯದ ಟೈಲರ್ ಒಬ್ಬರು, ಬೊಮ್ಮನಹಳ್ಳಿಯ ಮನೆಗೆಲಸದವರು, ಕ್ಯಾಬ್ ಓಡಿಸುವವರು ಕೂತರೆ ಅಷ್ಟೇ ಗುಣಮಟ್ಟದ ಸೇವೆ ಸಿಗುತ್ತದೆಯೇ? ಈ ವಿಮರ್ಶೆ ನೋಡುವುದು ಅದೊಂದನ್ನೇ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಖಾಸಗಿ ಸೇವೆಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಸರ್ಕಾರಿ ಸೇವೆಗಳು ಬಾಗಿಲು ತೆರೆದಿಡುತ್ತವೆ, ಸಮಯ ಕೊಡುವಲ್ಲಿ ಸೋಲುತ್ತವೆ. ಕಂಪನಿಗಳೊಳಗಿನ ಸೇವೆಯನ್ನು ಎಚ್ಚರಿಕೆಯಿಂದಲೇ ಬಳಸಬೇಕು. ಬಡವರನ್ನು ಕಂಡರೆ ಮುಖ ಸಿಂಡರಿಸುವ ಕೌನ್ಸೆಲರ್‌ಗಳು ತೀರಾ ಕಡಿಮೆ. ತೊಂದರೆ ಇರುವುದು ಬುಕಿಂಗ್ ಫಾರಂನಲ್ಲಿ, ಸೆಷನ್ನಿನ ವೇಳೆಯಲ್ಲಿ, ಮೊದಲ ದಿನ ಕೇಳುವ ಮತ್ತು ಕೇಳದೆ ಬಿಡುವ ಪ್ರಶ್ನೆಗಳಲ್ಲಿ, ಕೇಸ್ ಶೀಟ್‌ನಲ್ಲಿ ಗೀಚುವ ಎರಡು ಮೂರು ಪದಗಳಲ್ಲಿ. ಇವೆಲ್ಲ ಒಂದೊಂದಾಗಿ ತಪಾಸಣೆ ಮಾಡಬಹುದಾದ, ಸರಿಪಡಿಸಬಹುದಾದ ಭಾಗಗಳು.

ಫೋನ್ ಎತ್ತುವಲ್ಲಿಂದಲೇ ಶುರು

ಖಾಸಗಿ ಕ್ಲಿನಿಕ್‌ಗಳ ದರ ಸಾಮಾನ್ಯವಾಗಿ 45ರಿಂದ 60 ನಿಮಿಷಕ್ಕೆ ₹1,000ದಿಂದ ₹2,500, ಹೆಸರು ಮಾಡಿದವರ ಬಳಿ ಅದಕ್ಕಿಂತ ಹೆಚ್ಚು. ₹1,500ರಂತೆ ವಾರಕ್ಕೊಮ್ಮೆ ಹೋದರೆ ತಿಂಗಳಿಗೆ ₹6,000. ಗಾರ್ಮೆಂಟ್ಸ್ ಟೈಲರ್ ಒಬ್ಬರ ಕೈಗೆ ಬರುವ ಸಂಬಳದ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಯಿತು. ಇದು ಎಲ್ಲರಿಗೂ ಗೊತ್ತಿರುವ ಗೋಡೆ. ಇದರ ಹಿಂದೆ ಇನ್ನೊಂದು ಗೋಡೆ ಇದೆ, ಅದನ್ನು ತೋರಿಸಿಕೊಟ್ಟದ್ದು ನ್ಯೂಯಾರ್ಕ್‌ನಲ್ಲಿ ನಡೆದ ಒಂದು ಪ್ರಯೋಗ. ಹೀದರ್ ಕುಗಲ್‌ಮಾಸ್ ಎಂಬ ಸಮಾಜಶಾಸ್ತ್ರಜ್ಞೆ 320 ಥೆರಪಿಸ್ಟ್‌ಗಳ ಫೋನಿಗೆ ಧ್ವನಿ ಸಂದೇಶ ಬಿಡಿಸಿದರು. ಕರೆ ಮಾಡಿದವರ ವಿಮೆ ಒಂದೇ, ಕೋರಿಕೆಯೂ ಒಂದೇ: ಒಂದು ಅಪಾಯಿಂಟ್‌ಮೆಂಟ್ ಕೊಡಿ. ಬೇರೆಯಾಗಿದ್ದದ್ದು ಹೆಸರು ಮತ್ತು ಮಾತಿನ ಧಾಟಿ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಧ್ಯಮ ವರ್ಗದವರಂತೆ ಮಾತಾಡಿದವರಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿದ ಪ್ರಮಾಣ, ದುಡಿಯುವ ವರ್ಗದವರಂತೆ ಮಾತಾಡಿದವರಿಗೆ ಸಿಕ್ಕಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಮಧ್ಯಮ ವರ್ಗದೊಳಗೂ ಬಿಳಿಯರಿಗಿಂತ ಕಪ್ಪು ವರ್ಣೀಯರಿಗೆ ಕಡಿಮೆ ಸಿಕ್ಕಿತು. ಹಣ ಕಟ್ಟುವ ಶಕ್ತಿ ಎಲ್ಲರಿಗೂ ಒಂದೇ ಇದ್ದಾಗ ಬಂದ ಲೆಕ್ಕ ಇದು.

ನಮ್ಮಲ್ಲಿ ಅದೇ ಕೆಲಸವನ್ನು ಬುಕಿಂಗ್ ಲಿಂಕ್ ಮಾಡುತ್ತದೆ. ಕ್ಲಿನಿಕ್‌ಗೆ ವಾಟ್ಸ್ಆ್ಯಪ್ ಕಳಿಸಿದರೆ ಒಂದು ಗೂಗಲ್ ಫಾರಂ ಬರುತ್ತದೆ. ಫಾರಂ ಪೂರ್ತಿ ಇಂಗ್ಲಿಷ್. ಇಮೇಲ್ ವಿಳಾಸ ಹಾಕದೆ ಮುಂದೆ ಹೋಗುವುದಿಲ್ಲ. ನಿಮ್ಮ ಸಮಸ್ಯೆಯನ್ನು ನಾಲ್ಕೈದು ಸಾಲಿನಲ್ಲಿ ಬರೆಯಿರಿ ಎಂಬ ಖಾಲಿ ಪೆಟ್ಟಿಗೆ ಇರುತ್ತದೆ. ಪೂರ್ತಿ ಹಣ ಮುಂಗಡ. 24 ಗಂಟೆ ಮೊದಲು ತಿಳಿಸದೆ ತಪ್ಪಿಸಿದರೆ ಹಣ ವಾಪಸ್ಸಿಲ್ಲ. ಸಿಗುವ ವೇಳೆ ಬೆಳಿಗ್ಗೆ 11, ಮಧ್ಯಾಹ್ನ 3. ಇಷ್ಟರಲ್ಲಿ ಯಾರೂ ಯಾರಿಗೂ ಒರಟು ಮಾತಾಡಿಲ್ಲ, ಆದರೂ ಅರ್ಧಕ್ಕರ್ಧ ಜನ ಸೋಸಿಹೋಗಿದ್ದಾರೆ. ಇವತ್ತು ಓವರ್‌ಟೈಮ್ ಇದೆ ಎಂದು ಫ್ಯಾಕ್ಟರಿಯಲ್ಲಿ ಗೊತ್ತಾಗುವುದು ಅದೇ ದಿನ ಮಧ್ಯಾಹ್ನ. ಅಂಥವರಿಗೆ 24 ಗಂಟೆಯ ನಿಯಮ ಎಂದರೆ ದಂಡ ಕಟ್ಟಿಸಿಕೊಳ್ಳುವ ನಿಯಮ.

ಸೇವೆಯನ್ನು ಪರೀಕ್ಷಿಸಲು ಒಂದು ಸುಲಭ ಉಪಾಯ: ಫಾರಂ ತುಂಬಬೇಡಿ, ಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿ. 'ನಾನು ಶಿಫ್ಟ್ ಕೆಲಸ ಮಾಡ್ತೀನಿ. ಭಾನುವಾರ ಇಲ್ಲಾಂದ್ರೆ ಸಂಜೆ ಏಳರ ಮೇಲೆ ಆಗುತ್ತೆ. ಫೀಸ್ ಎಷ್ಟು, ಕಡಿಮೆ ಆಗುತ್ತಾ, ಕನ್ನಡದಲ್ಲಿ ಮಾತಾಡೋರು ಇದ್ದಾರಾ?' ಇಷ್ಟು ಸಾಕು. ಎರಡು ದಿನದೊಳಗೆ ಕನ್ನಡದಲ್ಲೇ, ನಾಲ್ಕಕ್ಕೂ ಉತ್ತರ ಬಂದರೆ ಆ ಸೇವೆಗೆ ಮುಂದಿನ ಹೆಜ್ಜೆ ಇಡಬಹುದು. ಅದೇ ಇಂಗ್ಲಿಷ್ ಲಿಂಕ್ ಮತ್ತೆ ಬಂದರೆ ಒಳಗಿನ ಕೋಣೆಯಲ್ಲೂ ಅದೇ ರೀತಿ ನಡೆಯುವ ಸಾಧ್ಯತೆ ಹೆಚ್ಚು.

ಮೊದಲ ಸೆಷನ್

ಕನ್ನಡದಲ್ಲಿ ಅಂತಸ್ತು ಮೊದಲು ಕಾಣುವುದು ಕ್ರಿಯಾಪದದಲ್ಲಿ. ಸಾಫ್ಟ್‌ವೇರ್ ಕೆಲಸದ 26ರ ಹುಡುಗನಿಗೆ 'ಬನ್ನಿ, ಕೂತ್ಕೊಳ್ಳಿ' ಎಂದ ಬಾಯಿ, 45 ವರ್ಷದ ಮನೆಗೆಲಸದ ಮಹಿಳೆಗೆ 'ಬಾಮ್ಮ, ಕೂತ್ಕೋ, ಏನಾಗ್ತಿದೆ ಹೇಳು' ಎನ್ನುತ್ತದೆ. ಹೇಳಿದವರಿಗೆ ಅದು ಸಲುಗೆ, ಪ್ರೀತಿ. ಕೇಳಿದವರಿಗೆ ಅದು ದಿನವಿಡೀ ಕೆಲಸದ ಮನೆಯಲ್ಲಿ ಕೇಳುವ ಅದೇ ದನಿ. ಅಲ್ಲಿಂದ ಮುಂದೆ ಆಕೆ ಎಲ್ಲದಕ್ಕೂ 'ಹ್ಞೂಂ ಮೇಡಂ' ಎನ್ನುತ್ತಾರೆ. ಕೌನ್ಸೆಲರ್ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ಎರಡನೇ ವಾರ ಆಕೆ ಬರುವುದಿಲ್ಲ. ಇದಕ್ಕೆ ಒಂದೇ ನಿಯಮ ಇಟ್ಟುಕೊಂಡ ಸೇವೆಗಳು ಚೆನ್ನಾಗಿ ನಡೆಯುತ್ತವೆ: ಹದಿನೆಂಟು ದಾಟಿದ ಯಾರಿಗೇ ಆಗಲಿ ಬಹುವಚನ, ಅವರೇ ಬೇಡ ಎನ್ನುವವರೆಗೆ. ರಿಸೆಪ್ಷನ್‌ನಲ್ಲಿ ಕೂತವರಿಗೂ, ಸೆಕ್ಯೂರಿಟಿಯವರಿಗೂ ಇದೇ ನಿಯಮ.

ಇನ್ನೊಂದು ಗಮನಿಸಿ. 'ಯಾವ ಕಡೆಯವರು ನೀವು?', 'ಮನೆದೇವರು ಯಾವುದು?' ಎಂಬ ಪ್ರಶ್ನೆಗಳು ಊಟೋಪಚಾರದ ಮಾತಿನಂತೆ ಬರುತ್ತವೆ. ಇವು ಜಾತಿ ತಿಳಿದುಕೊಳ್ಳುವ ಪ್ರಶ್ನೆಗಳು ಎಂದು ಕೇಳಿಸಿಕೊಳ್ಳುವವರಿಗೆ ಚೆನ್ನಾಗಿ ಗೊತ್ತು. ಜಾತಿಯ ಅವಮಾನವೇ ಸಂಕಟದ ಮೂಲವಾಗಿದ್ದರೆ ಅದನ್ನು ಕ್ಲೈಂಟ್ ತಾವಾಗಿ ಹೇಳುವಂತೆ ಜಾಗ ಮಾಡಿಕೊಡಬೇಕು. ಹೀಗೆ ಬಳಸು ದಾರಿಯಲ್ಲಿ ಕೇಳಿದರೆ ಬಾಯಿ ಮುಚ್ಚುತ್ತದೆ.

ಕೇಸ್ ಶೀಟ್‌ನಲ್ಲಿ ಸಾಮಾಜಿಕ ಆರ್ಥಿಕ ಸ್ಥಿತಿ ಎಂಬ ಕಾಲಂ ಇರುತ್ತದೆ. ಅದನ್ನು ತುಂಬಲು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವುದು ಕುಪ್ಪುಸ್ವಾಮಿ ಮಾಪಕ, 1976ರದ್ದು. ಮನೆ ಯಜಮಾನರ ಓದು, ಕಸುಬು, ಕುಟುಂಬದ ಆದಾಯ, ಈ ಮೂರಕ್ಕೆ ಅಂಕ ಹಾಕಿ 29ಕ್ಕೆ ಕೂಡಿಸಿ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಸಂಶೋಧನೆಗೆ, ಶುಲ್ಕ ವಿನಾಯಿತಿಗೆ ಇದು ಉಪಯೋಗದ್ದೇ. ಕೆಡುವುದು ಎಲ್ಲಿ ಅಂದರೆ, ಮೊದಲ ಪುಟದಲ್ಲೇ ಕೆಳವರ್ಗ ಎಂದು ಬರೆದ ಮೇಲೆ ಮುಂದಿನ ಪುಟಗಳನ್ನು ಆ ಕಣ್ಣಿನಿಂದ ಓದುವುದು ರೂಢಿಯಾಗಿಬಿಡುತ್ತದೆ. ಜೊತೆಗೆ ಯಜಮಾನರ ಓದು ಮತ್ತು ಕಸುಬನ್ನು ಬರೆದುಕೊಂಡು, ಎದುರಿಗೆ ಕೂತ ಹೆಣ್ಣುಮಗಳ ದುಡಿಮೆಯೇ ಮನೆ ನಡೆಸುತ್ತಿದೆ ಎಂಬುದನ್ನು ಬಿಟ್ಟುಬಿಡುತ್ತಾರೆ. ಆ ಕಾಲಂ ತುಂಬುವುದು ಮೊದಲ ಸೆಷನ್ನಿನ ಕೊನೆಯ ಐದು ನಿಮಿಷಕ್ಕೆ ಹೋಗಲಿ ಎನ್ನುವುದು ನಮ್ಮ ಸಲಹೆ.

ಈಗ ಸಂಕಟವನ್ನು ಹೇಳುವ ರೀತಿ. ಮಧ್ಯಮ ವರ್ಗದ ಕ್ಲೈಂಟ್ 'ಆಂಗ್ಸೈಟಿ', 'ಬರ್ನ್‌ಔಟ್' ಎಂಬ ಪದಗಳನ್ನು ಹೊತ್ತುಕೊಂಡೇ ಬರುತ್ತಾರೆ, ಕೌನ್ಸೆಲರ್ ಓದಿದ ಪುಸ್ತಕದ ಭಾಷೆ ಅದೇ. ಹೊಲಿಗೆ ಮಷೀನಿನ ಮುಂದೆ ದುಡಿಯುವವರು ಹೇಳುವುದು ಬೇರೆ: 'ರಾತ್ರಿ ನಿದ್ದೆ ಹತ್ತಲ್ಲ ಮೇಡಂ. ತಲೆ ಭಾರ. ಮಷೀನ್ ಮುಂದೆ ಕೂತ್ರೆ ಎದೆ ಡವಡವ ಅಂತದೆ, ಕೈಕಾಲು ಸೆಳೀತದೆ.' ಇಲ್ಲಿ ಎರಡು ದಾರಿ ಇವೆ. ಸುಲಭದ ದಾರಿ, ಈಕೆಗೆ ಮನಸ್ಸಿನ ಬಗ್ಗೆ ಮಾತಾಡಲು ಬರುವುದಿಲ್ಲ ಎಂದು ತೀರ್ಮಾನಿಸಿ, 'ತುಂಬಾ ಯೋಚನೆ ಮಾಡಬೇಡ, ಬೆಳಿಗ್ಗೆ ಎದ್ದು ಯೋಗ ಮಾಡು, ವಾಕಿಂಗ್ ಹೋಗು' ಎಂದು ಇಪ್ಪತ್ತು ನಿಮಿಷಕ್ಕೆ ಮುಗಿಸುವುದು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ನೀರು ಹಿಡಿದು, ಫ್ಯಾಕ್ಟರಿ ಬಸ್ಸಿಗೆ ಓಡುವವರಿಗೆ ವಾಕಿಂಗ್ ಹೇಳಿದಂತಾಯಿತು.

ಸರಿಯಾದ ದಾರಿ, ಅವರದೇ ಮಾತು ಹಿಡಿದು ಒಳಗೆ ಹೋಗುವುದು. 'ಡವಡವ ಶುರುವಾಗೋದು ಎಷ್ಟು ಹೊತ್ತಿಗೆ? ಸೂಪರ್‌ವೈಸರ್ ಪೀಸ್ ಲೆಕ್ಕ ಕೇಳೋಕೆ ಬಂದಾಗಲಾ, ಅವರು ಬರೋಕ್ ಮುಂಚೇನಾ? ಆ ಹೊತ್ತಲ್ಲಿ ಏನಾಗಿಬಿಡುತ್ತೆ ಅನ್ಸುತ್ತೆ? ಭಾನುವಾರನೂ ಆಗುತ್ತಾ? ಸಂಘದ ಕಂತು ಕಟ್ಟೋ ದಿನ ಜಾಸ್ತಿ ಆಗುತ್ತಾ?' ಈ ಐದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಭಯದ ಸನ್ನಿವೇಶ, ಅದರ ಜೊತೆಗಿನ ಯೋಚನೆ, ಅದು ಏರಿಳಿಯುವ ವೇಳೆ, ಹಣದ ಒತ್ತಡ ಎಲ್ಲವೂ ಮೇಜಿನ ಮೇಲಿರುತ್ತದೆ. ಮೈಯ ಮೂಲಕ ಹೇಳಿದ ದೂರು ಕಡಿಮೆ ದರ್ಜೆಯ ದೂರಲ್ಲ. ಹಾಗೆಯೇ, ಅದು ಮೈಯದ್ದೇ ಆಗಿರಲೂಬಹುದು: ರಕ್ತಹೀನತೆ, ಥೈರಾಯ್ಡ್ ಎರಡರಲ್ಲೂ ಸುಸ್ತು, ಎದೆಬಡಿತ ಇರುತ್ತವೆ. ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳದೆ ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕುವುದೂ ತಪ್ಪು.

ಪ್ರಶ್ನಾವಳಿಗಳಲ್ಲೂ ಇದೇ ತೊಡಕು. ಖಿನ್ನತೆ ಅಳೆಯಲು ಎಲ್ಲೆಡೆ ಬಳಸುವ ಪಿಎಚ್‌ಕ್ಯೂ-9 ಒಂಬತ್ತು ಪ್ರಶ್ನೆಗಳದ್ದು. ಕಳೆದ ಎರಡು ವಾರದ ಬಗ್ಗೆ ಕೇಳಿ ಪ್ರತಿಯೊಂದಕ್ಕೂ 0ಯಿಂದ 3 ಅಂಕ ಹಾಕುತ್ತಾರೆ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಬೇಕು ಎನ್ನುವುದು ವಾಡಿಕೆ. ಅದರಲ್ಲಿ ಸುಸ್ತಿನ ಪ್ರಶ್ನೆ ಇದೆ. ಪಾಳಿ ಮುಗಿಸಿ ಮನೆ ಕೆಲಸವನ್ನೂ ಮಾಡುವವರು ಆರೋಗ್ಯವಾಗಿದ್ದರೂ 'ದಿನಾ ಸುಸ್ತು' ಎನ್ನುತ್ತಾರೆ. ಏಕಾಗ್ರತೆಯ ಪ್ರಶ್ನೆಗೆ ಕೊಟ್ಟಿರುವ ಉದಾಹರಣೆ ಪತ್ರಿಕೆ ಓದುವುದು, ಟಿವಿ ನೋಡುವುದು. ಓದು ಬಾರದವರು 'ನಂಗೆ ಓದೋಕೇ ಬರಲ್ಲ' ಎಂದರೆ ಅಲ್ಲಿಗೆ ಸೊನ್ನೆ. ಚೆನ್ನಾಗಿ ತರಬೇತಾದ ಕೌನ್ಸೆಲರ್ ಅದೇ ಪ್ರಶ್ನೆಯನ್ನು 'ಮೊದಲು ತಪ್ಪದೇ ಇರೋ ಹೊಲಿಗೆ ಈಗ ತಪ್ತಾ ಇದೆಯಾ? ಸಾರಿಗೆ ಉಪ್ಪು ಎರಡು ಸಲ ಬೀಳ್ತಾ ಇದೆಯಾ?' ಎಂದು ಕೇಳುತ್ತಾರೆ. ಸುಸ್ತಿನ ಬಗ್ಗೆ 'ಆರು ತಿಂಗಳ ಹಿಂದೆ ಇದೇ ಕೆಲಸಕ್ಕೆ ಹೀಗೇ ಸುಸ್ತಾಗ್ತಿತ್ತಾ?' ಎಂದು ಹೋಲಿಸಿ ಕೇಳುತ್ತಾರೆ. ಹಾಳೆಯನ್ನು ಕೈಗೆ ಕೊಟ್ಟು ಟಿಕ್ ಮಾಡಿ ಎನ್ನುವ ಜಾಗಕ್ಕೂ, ಓದಿ ಹೇಳಿ ಉತ್ತರ ಬರೆದುಕೊಳ್ಳುವ ಜಾಗಕ್ಕೂ ಬಹಳ ವ್ಯತ್ಯಾಸವಿದೆ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದನ್ನಂತೂ ಹಾಳೆಗೆ ಬಿಡದೆ ಮುಖ ನೋಡಿ, ನಿಧಾನವಾಗಿ ಕೇಳಲೇಬೇಕು.

ಅಂತಸ್ತಿನ ಪೂರ್ವಗ್ರಹ ಮೇಲಿನವರನ್ನೂ ಬಿಡುವುದಿಲ್ಲ. ಕೂಲಿ ಮಾಡುವ ಗಂಡಸು ಬಂದರೆ 'ಕುಡೀತೀರಾ?' ಎಂಬ ಪ್ರಶ್ನೆ ಮೂರನೇ ನಿಮಿಷಕ್ಕೆ ಬರುತ್ತದೆ. ಕಂಪನಿ ಮ್ಯಾನೇಜರ್ ಬಂದರೆ ಅದು ಬರುವುದೇ ಇಲ್ಲ, ಬಂದರೂ 'ಪಾರ್ಟಿಗಳಲ್ಲಿ ಸ್ವಲ್ಪ' ಎಂಬ ಉತ್ತರಕ್ಕೆ ಪೆನ್ನು ಮುಂದೆ ಹೋಗುತ್ತದೆ. ವಾರಕ್ಕೆ ಎಷ್ಟು ದಿನ, ಒಂದು ದಿನಕ್ಕೆ ಎಷ್ಟು ಪೆಗ್, ಬೆಳಿಗ್ಗೆ ಕೈ ನಡುಗುತ್ತದೆಯೇ ಎಂದು ಕೇಳಿದ್ದರೆ ಆರು ತಿಂಗಳು ಮೊದಲೇ ಚಿಕಿತ್ಸೆ ಶುರುವಾಗುತ್ತಿತ್ತು. ಮನೆಯೊಳಗಿನ ಹೊಡೆತದ ವಿಷಯದಲ್ಲೂ ಹೀಗೆಯೇ. ಬಡ ಹೆಂಗಸು ಹೇಳಿದರೆ 'ಅವರ ಕಡೆ ಇದೆಲ್ಲ ಮಾಮೂಲಿ' ಎಂದು ತೂಕ ಕಡಿಮೆ ಮಾಡುತ್ತಾರೆ. ದೊಡ್ಡ ಅಪಾರ್ಟ್‌ಮೆಂಟಿನ ಹೆಂಗಸನ್ನು ಕೇಳುವುದೇ ಇಲ್ಲ. ಇಬ್ಬರಿಗೂ ಅನ್ಯಾಯ. ಒಳ್ಳೆಯ ಸೇವೆಯಲ್ಲಿ ಕುಡಿತ, ಹೊಡೆತ, ಸಾಲ, ಸಾಯುವ ಯೋಚನೆ ಈ ನಾಲ್ಕನ್ನೂ ಬಂದವರೆಲ್ಲರಿಗೂ ಒಂದೇ ಮಾತಿನಲ್ಲಿ, ಒಂದೇ ಕ್ರಮದಲ್ಲಿ ಕೇಳುವ ಪದ್ಧತಿ ಇರುತ್ತದೆ.

ಮನೆಗೆ ಕೊಡುವ ಕೆಲಸ

ಯೋಚನೆಗಳನ್ನು ಬರೆದಿಡುವ ಏಳು ಕಾಲಂಗಳ ಹಾಳೆ, ಯೋಚಿಸುವ ರೀತಿಯನ್ನು ಗುರುತಿಸಿ ತಿದ್ದುವ ಅರಿವಿನ ಚಿಕಿತ್ಸೆಯಲ್ಲಿ (ಸಿಬಿಟಿ) ತೀರಾ ಸಾಮಾನ್ಯ ಸಾಧನ. ಒಂದೇ ರೂಮಿನ ಮನೆಯಲ್ಲಿ, ಐದು ಜನರ ನಡುವೆ, ಗಂಡ ಮಕ್ಕಳು ಎತ್ತಿ ಓದಬಹುದಾದ ಜಾಗದಲ್ಲಿ ಅದನ್ನು ಬರೆದಿಡುವುದು ಹೇಗೆ? ಬರೆಯದೆ ಬಂದರೆ 'ಆಸಕ್ತಿ ಕಡಿಮೆ' ಎಂದು ಟಿಪ್ಪಣಿ. ಬದಲಿ ದಾರಿಗಳಿವೆ, ಕಷ್ಟದ್ದೇನಲ್ಲ. ಗೋಡೆಯ ಮೇಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ತಾರೀಖಿನ ಪಕ್ಕ ಚುಕ್ಕೆ ಇಡುವುದು: ನಿದ್ದೆ ಬಂದ ದಿನ ಒಂದು, ಎದೆ ಡವಡವ ಆದ ದಿನ ಎರಡು. ಹಾಲಿನ ಲೆಕ್ಕ ಎಂದುಕೊಂಡು ಯಾರೂ ಕೇಳುವುದಿಲ್ಲ. ಮೂರು ವಾರಕ್ಕೆ ಸ್ಪಷ್ಟ ಚಿತ್ರ ಸಿಗುತ್ತದೆ. ಫೋನ್ ಸ್ವಂತದ್ದಾಗಿದ್ದರೆ ಅರ್ಧ ನಿಮಿಷದ ಧ್ವನಿ ಮುದ್ರಣ. ಹಂಚಿಕೊಂಡ ಫೋನಾದರೆ ಅದು ಬೇಡ.

'ನಿಮ್ಮ ಗಡಿ ನೀವೇ ಹಾಕಿಕೊಳ್ಳಿ, ಆಗಲ್ಲ ಅಂತ ಹೇಳೋದು ಕಲೀರಿ' ಎಂಬ ಸಲಹೆಯನ್ನು ಮನೆಗೆಲಸದವರಿಗೆ ಹಾಗೇ ಕೊಡುವುದು ಅಪಾಯ. ಆಗಲ್ಲ ಎಂದ ಮರುದಿನ ಕೆಲಸ ಹೋಗುತ್ತದೆ, ಮುಂಗಡ ತೆಗೆದುಕೊಂಡಿದ್ದರೆ ಸಾಲಗಾರರಾಗುತ್ತಾರೆ. ಇಂಥಲ್ಲಿ ಕೆಲಸಕ್ಕೆ ಬರುವುದು ಸಮಸ್ಯೆ ಬಿಡಿಸುವ ಕ್ರಮ: ಸಮಸ್ಯೆಯನ್ನು ಒಂದು ವಾಕ್ಯಕ್ಕೆ ಇಳಿಸುವುದು, ಇರುವ ದಾರಿಗಳನ್ನೆಲ್ಲ ಎಣಿಸುವುದು, ಪ್ರತಿಯೊಂದರಿಂದ ಕಳೆದುಕೊಳ್ಳುವುದೇನು ಎಂದು ರೂಪಾಯಿ ಲೆಕ್ಕದಲ್ಲೂ ನೋಡುವುದು, ಅತಿ ಕಡಿಮೆ ಅಪಾಯದ್ದನ್ನು ಒಂದು ವಾರ ಪ್ರಯತ್ನಿಸುವುದು. ನಾಲ್ಕು ಮನೆ ಕೆಲಸದಲ್ಲಿ ಯಾವ ಮನೆ ಬಿಟ್ಟರೆ ಎಷ್ಟು ಕಡಿಮೆಯಾಗುತ್ತದೆ, ಅದನ್ನು ಎಲ್ಲಿ ತುಂಬಿಕೊಳ್ಳಬಹುದು ಎಂಬ ಮಾತುಕತೆಯೂ ಥೆರಪಿಯೇ.

ಹಾಗೆಯೇ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದೆಯೇ ಎಂದು ಕೇಳದ ಕೌನ್ಸೆಲರ್ ದುಡಿಯುವವರ ಬದುಕನ್ನು ಇನ್ನೂ ಅರಿಯಬೇಕಿದೆ. ತಿಂಗಳಿಗೆ ₹21,000ದವರೆಗೆ ವೇತನವಿರುವ, ಇಎಸ್‌ಐ ವ್ಯಾಪ್ತಿಯ ಕಾರ್ಖಾನೆ, ಸಂಸ್ಥೆಗಳ ಕಾರ್ಮಿಕರಿಗೆ ಅದು ಸಿಗುತ್ತದೆ. ಇಎಸ್‌ಐ ವೈದ್ಯರು ರಜೆ ಪ್ರಮಾಣಪತ್ರ ಕೊಟ್ಟರೆ ವರ್ಷಕ್ಕೆ 91 ದಿನಗಳವರೆಗೆ ವೇತನದ 70% ಅನಾರೋಗ್ಯ ಭತ್ಯೆ ಬರುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಖಿನ್ನತೆಯಲ್ಲಿ ನಿದ್ದೆಗೆಟ್ಟು ಮಷೀನ್ ಮುಂದೆ ಕೂರುವವರಿಗೆ ಎರಡು ವಾರದ ವಿಶ್ರಾಂತಿ ಸಂಬಳ ಪೂರ್ತಿ ಕಳೆದುಕೊಳ್ಳದೆ ಸಿಗುವ ದಾರಿ ಇದು. ಕೋಣೆಯೊಳಗೆ ಇದನ್ನು ಹೇಳಿಕೊಟ್ಟರೆ ಎಷ್ಟೋ ಉಸಿರಾಟದ ವ್ಯಾಯಾಮಗಳಿಗಿಂತ ಹೆಚ್ಚು ಉಪಕಾರ.

ರಿಯಾಯಿತಿ ಶುಲ್ಕ

ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತೇವೆ ಎಂದು ಹೇಳುವ ಕ್ಲಿನಿಕ್‌ಗಳು ಹೆಚ್ಚುತ್ತಿವೆ. ಉದ್ದೇಶ ಒಳ್ಳೆಯದು, ನಡೆಸುವ ರೀತಿಯಲ್ಲಿ ಕೆಡುತ್ತದೆ. ರಿಸೆಪ್ಷನ್‌ನಲ್ಲಿ ಬೇರೆಯವರೆದುರು ಬಿಪಿಎಲ್ ಕಾರ್ಡ್ ಕೇಳುತ್ತಾರೆ. ರಿಯಾಯಿತಿ ವೇಳೆ ಎಂದರೆ ಯಾರೂ ಬರದ ಮಂಗಳವಾರ ಬೆಳಿಗ್ಗೆ. ರಿಯಾಯಿತಿಯವರನ್ನೆಲ್ಲ ಇಂಟರ್ನ್‌ಗಳಿಗೆ ಒಪ್ಪಿಸುತ್ತಾರೆ, ಇಂಟರ್ನ್‌ಷಿಪ್ ಮುಗಿದಾಗ ಕ್ಲೈಂಟ್ ಮೊದಲಿನಿಂದ ಕಥೆ ಹೇಳಬೇಕು. ಪೂರ್ತಿ ಹಣ ಕೊಡುವವರಿಗೆ ಸೆಷನ್ ಮಿತಿ ಇಲ್ಲ, ಇವರಿಗೆ ಆರಕ್ಕೆ ಮುಗಿಯಿತು.

ಸರಿಯಾಗಿ ನಡೆಸುವುದಾದರೆ ಹೀಗೆ: ಮೂರು ದರಗಳನ್ನು ಗೋಡೆಯ ಮೇಲೆ, ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಹಾಕುವುದು. ಯಾವ ದರ ಎಂದು ಕ್ಲೈಂಟ್ ಹೇಳಿದ್ದನ್ನು ದಾಖಲೆ ಕೇಳದೆ ನಂಬುವುದು. ವಾರಕ್ಕೆ 20 ಗಂಟೆ ಕ್ಲೈಂಟ್ ನೋಡುವ ಕೌನ್ಸೆಲರ್ ಅದರಲ್ಲಿ ನಾಲ್ಕೈದು ಗಂಟೆಯನ್ನು ಕೆಳಗಿನ ದರಕ್ಕೆ ಮೀಸಲಿಡುವುದು, ಅದರಲ್ಲಿ ಕನಿಷ್ಠ ಎರಡು ಗಂಟೆ ಭಾನುವಾರ ಅಥವಾ ಸಂಜೆ ಏಳರ ನಂತರ ಇರುವುದು. ಸಂಬಳದ ತಾರೀಖು ಕೇಳಿ, ಹಣ ಆಗ ಕಟ್ಟಲು ಬಿಡುವುದು. ಜೂನ್ 11, 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದರೂ ಪೀಣ್ಯದಿಂದ ಜಯನಗರಕ್ಕೆ ಹೋಗಿಬರುವ ಹೊತ್ತಂತೂ ಉಚಿತವಲ್ಲ. ಅಷ್ಟು ಹೊತ್ತು ಹೊಂದದವರಿಗೆ ಒಂದು ವಾರ ಮುಖಾಮುಖಿ, ಮರುವಾರ ಫೋನಿನಲ್ಲಿ 20 ನಿಮಿಷ ಎಂಬ ಹೊಂದಾಣಿಕೆ ಚೆನ್ನಾಗಿ ನಡೆಯುತ್ತದೆ. ತಪ್ಪಿಸಿದವರಿಗೆ ಇಂಗ್ಲಿಷ್ ಎಸ್‌ಎಂಎಸ್ ಕಳಿಸುವ ಬದಲು ಒಂದು ಕರೆ ಮಾಡಿ 'ಏನಾಯ್ತು, ಈ ವಾರ ಯಾವಾಗ ಆಗುತ್ತೆ?' ಎಂದು ಕೇಳಿದರೆ ಮರಳಿ ಬರುವವರು ಬಹಳ.

ಉಚಿತ ಬಾಗಿಲುಗಳು

ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮನಸ್ ಶುರುವಾದದ್ದು ಅಕ್ಟೋಬರ್ 10, 2022ರಂದು. ಕೇಂದ್ರ ಸರ್ಕಾರದ ಯೋಜನೆ, ಮಾರ್ಗದರ್ಶನ ನಮ್ಮ ನಿಮ್ಹಾನ್ಸ್‌ನದು, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. 14416 ಅಥವಾ 1800-891-4416, ದಿನದ 24 ಗಂಟೆ, ಶುಲ್ಕವಿಲ್ಲ, 20 ಭಾಷೆಗಳಲ್ಲಿ ಕನ್ನಡವೂ ಒಂದು. ಭಾಷೆ ಆರಿಸಿದ ಮೇಲೆ ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ಕರೆ ವರ್ಗಾಯಿಸುತ್ತಾರೆ, ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. ನಾವು ಇಲ್ಲಿ ನೋಡುತ್ತಿರುವ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಮುಂದೆ: ಫಾರಂ ಇಲ್ಲ, ಮುಂಗಡ ಇಲ್ಲ, ರಾತ್ರಿ ಪಾಳಿಯವರಿಗೂ ಸಿಗುತ್ತದೆ. ಮಿತಿಯೂ ಇದೆ. ವಾರ ವಾರ ಒಬ್ಬರೇ ಕೌನ್ಸೆಲರ್ ಜೊತೆ ಕೂತು ಮಾಡುವ ದೀರ್ಘ ಥೆರಪಿಗೆ ಇದು ಬದಲಿಯಲ್ಲ. ಬಟ್ಟೆ, ಬಡಾವಣೆ ಕಾಣದಿದ್ದರೂ ಮಾತಿನ ಧಾಟಿಯಿಂದ ಅಂತಸ್ತು ಫೋನಿನಲ್ಲೂ ಕೇಳಿಸುತ್ತದೆ ಎನ್ನುವುದನ್ನು ನ್ಯೂಯಾರ್ಕಿನ ಪ್ರಯೋಗವೇ ತೋರಿಸಿದೆ, ಹಾಗಾಗಿ ಇಲ್ಲಿನ ತರಬೇತಿಯಲ್ಲೂ ಈ ವಿಷಯ ಇರಬೇಕು. ಕರೆ ಮಾಡುವವರು ಮೊದಲೇ ನಾಲ್ಕು ಮಾತು ಹೇಳಿಬಿಟ್ಟರೆ ಅನುಕೂಲ: ಎಲ್ಲಿ ನಿಂತು ಮಾತಾಡುತ್ತಿದ್ದೀರಿ, ಎಷ್ಟು ನಿಮಿಷ ಇದೆ, ಫೋನ್ ಯಾರದ್ದು, ಈ ನಂಬರಿಗೆ ತಿರುಗಿ ಕರೆ ಮಾಡಬಹುದೇ. ಸಾಯುವ ಯೋಚನೆ ಬಂದಿದ್ದರೆ ಅದನ್ನೇ ಮೊದಲು ಹೇಳಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಭಾಗ. ಈ ಜಿಲ್ಲಾ ಮಾದರಿಯನ್ನು ನಿಮ್ಹಾನ್ಸ್ ಮೊದಲು ಬಳ್ಳಾರಿಯಲ್ಲಿ ಮಾಡಿ ನೋಡಿತ್ತು, 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಔಷಧಿ ಉಚಿತವಾಗಿ ಸಿಗುವುದು ದೊಡ್ಡ ಲಾಭ. ಕೊರತೆ ಸಮಯದ್ದು. ಸಾಲು ಉದ್ದವಿದ್ದಾಗ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ, ಅದರಲ್ಲಿ ಚೀಟಿ ಬರೆಯಬಹುದು, ಮಾತು ಆಗುವುದಿಲ್ಲ. ಅಮೆರಿಕದ ನ್ಯೂ ಹೇವನ್‌ನಲ್ಲಿ ಹಾಲಿಂಗ್ಸ್‌ಹೆಡ್ ಮತ್ತು ರೆಡ್ಲಿಕ್ 1958ರಲ್ಲೇ ಇದನ್ನು ದಾಖಲಿಸಿದ್ದರು: ಮೇಲಿನ ವರ್ಗದ ರೋಗಿಗಳಿಗೆ ಮಾತಿನ ಚಿಕಿತ್ಸೆ, ಕೆಳಗಿನ ವರ್ಗದವರಿಗೆ ಔಷಧಿ, ವಿದ್ಯುತ್ ಚಿಕಿತ್ಸೆ, ಆಸ್ಪತ್ರೆಯ ವಾಸ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿರುವವರಲ್ಲಿ ಸುಮಾರು 85% ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಆ ಲೆಕ್ಕ ನೋಡಿದರೆ ಐದು ನಿಮಿಷವಾದರೂ ಸಿಗುವುದು ದೊಡ್ಡದೇ. ಇಲ್ಲಿಗೆ ಹೋಗುವವರು ಡಾಕ್ಟರನ್ನು ನೋಡಿದ ಮೇಲೆ 'ಮಾತಾಡೋಕೆ ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್ ಇದ್ದಾರಾ?' ಎಂದು ಬಾಯಿಬಿಟ್ಟು ಕೇಳಬೇಕು. ಜಿಲ್ಲಾ ತಂಡದಲ್ಲಿ ಆ ಹುದ್ದೆಗಳಿವೆ, ಕೇಳಿದವರಿಗೆ ಬೇರೆ ದಿನದ ಸಮಯ ಸಿಗುವ ಅವಕಾಶ ಇರುತ್ತದೆ.

ಕಂಪನಿಯೊಳಗಿನ ಕೌನ್ಸೆಲರ್

ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣ ಅಧಿಕಾರಿ ಇರಬೇಕೆಂಬ ಪದ್ಧತಿ ಬಂತು. ಹಲವು ಫ್ಯಾಕ್ಟರಿಗಳಲ್ಲಿ ಕೌನ್ಸೆಲಿಂಗ್ ಇದೇ ಮೇಜಿಗೆ ಬಂದು ಬೀಳುತ್ತದೆ. ಹೇಳಿದ್ದು ಎಚ್‌ಆರ್‌ಗೆ ಹೋಗುತ್ತದೆಯೇ ಎಂಬ ಭಯ ಸಹಜ, ಆಧಾರವೂ ಇದೆ. ಬರೆದಿಟ್ಟದ್ದನ್ನು ಯಾರು ಓದುತ್ತಾರೆ ಎಂದು ಮೊದಲೇ ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಅಲ್ಲಿ ರಜೆ, ಇಎಸ್‌ಐ, ಶಿಶುವಿಹಾರದ ವಿಷಯ ಮಾತಾಡಿ, ಮನೆಯ ಸಂಕಟಕ್ಕೆ 14416 ಇಟ್ಟುಕೊಳ್ಳಿ. ಐಟಿ ಕಂಪನಿಗಳದ್ದು ಇನ್ನೊಂದು ರೀತಿ. ನೌಕರರಿಗೆ ಉಚಿತ ಕೌನ್ಸೆಲಿಂಗ್ ಇರುತ್ತದೆ, ಅದೇ ಕಟ್ಟಡ ಗುಡಿಸುವ, ಗೇಟು ಕಾಯುವ, ಕ್ಯಾಬ್ ಓಡಿಸುವ ಗುತ್ತಿಗೆಯವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದರೆ ಆಗುವ ಕೆಲಸ ಇದು. ಎಚ್‌ಆರ್‌ನಲ್ಲಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಸೇರಿಸಿ.

ದೂರು ಕೊಡುವುದು, ಬದಲಿಸುವುದು

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಲಿಂಗ, ಧರ್ಮ, ಜಾತಿಯ ಜೊತೆಗೆ ವರ್ಗದ ಆಧಾರದ ಮೇಲೂ ತಾರತಮ್ಯ ಕೂಡದು ಎಂದು ಹೆಸರಿಟ್ಟೇ ಹೇಳುತ್ತದೆ. ಆರ್ಥಿಕ, ಸಾಮಾಜಿಕ ಸ್ಥಾನ ನೋಡಿ ಮಾನಸಿಕ ಕಾಯಿಲೆ ಎಂದು ತೀರ್ಮಾನಿಸಬಾರದು ಎನ್ನುವುದು 3ನೇ ಸೆಕ್ಷನ್. ಗೋಪ್ಯತೆ 23ರಲ್ಲಿ, ದಾಖಲೆ ನೋಡುವ ಹಕ್ಕು 25ರಲ್ಲಿ, ಸೇವೆಯ ಕೊರತೆ ಬಗ್ಗೆ ದೂರು ಕೊಡುವ ಹಕ್ಕು 28ರಲ್ಲಿ ಇದೆ. ಆದರೆ ಕಾಯ್ದೆಯ ಹಿಡಿತ ಮಾನಸಿಕ ಆರೋಗ್ಯ ಸಂಸ್ಥೆಗಳು, ಅಲ್ಲಿನ ನೋಂದಾಯಿತ ವೃತ್ತಿಪರರ ಮೇಲೆ. ಕೌನ್ಸೆಲರ್ ಎಂದು ಬೋರ್ಡ್ ಹಾಕಿಕೊಂಡ ಎಲ್ಲರೂ ಅದರೊಳಗೆ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು, ಕೇಳಿದರೆ ತೋರಿಸಬೇಕು. ಉಳಿದವರನ್ನು ಏನು ಓದಿದ್ದೀರಿ, ನಿಮ್ಮ ಕೇಸುಗಳನ್ನು ಹಿರಿಯರೊಬ್ಬರ ಜೊತೆ ನಿಯಮಿತವಾಗಿ ಚರ್ಚಿಸುತ್ತೀರಾ ಎಂದು ಕೇಳಿ. ಒಳ್ಳೆಯವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ.

ಕೌನ್ಸೆಲರ್ ಬದಲಿಸಬೇಕೆನಿಸಿದರೆ ಹೇಳದೆ ನಿಲ್ಲಿಸುವುದಕ್ಕಿಂತ ಒಂದು ಪುಟದ ಸಾರಾಂಶ ಬರೆಸಿಕೊಂಡು ಹೋಗುವುದು ಒಳ್ಳೆಯದು, ಹೊಸಬರ ಬಳಿ ಮೊದಲಿನಿಂದ ಹೇಳುವುದು ತಪ್ಪುತ್ತದೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. 'ಸಹಕರಿಸುವುದಿಲ್ಲ', 'ಆಸಕ್ತಿ ಇಲ್ಲ' ಎಂದಿದ್ದರೆ ಅದರ ಪಕ್ಕ ಕಾರಣವನ್ನೂ ಬರೆಯಲು ಕೇಳಿ: ಓವರ್‌ಟೈಮ್‌ನಿಂದ ಎರಡು ಸೆಷನ್ ತಪ್ಪಿದವು, ಮನೆಯಲ್ಲಿ ಬರೆಯಲು ಜಾಗವಿಲ್ಲ, ಸಂಬಳದ ತಾರೀಖಿನ ನಂತರವೇ ಹಣ ಕಟ್ಟಬಲ್ಲರು.